ಹತ್ತು ಶಿಲ್ಲಿಂಗ್‌ಗೆ ಮಾರಾಟವಾದ ಸಿಂಹ: ಒಂದು ಹಾಡು, ಎಂಟು ದಶಕಗಳ ಮರುಗಾಯನ

ಹಿನ್ನೆಲೆಯಲ್ಲಿ ಅಲೆ ಅಲೆಯಾಗಿ ಮರುಕಳಿಸುವ, ಅರ್ಥವಾಗದ ಒಂದು ಪದ. ಅದರ ಮೇಲೆ ತಾರಸ್ಥಾಯಿಯಲ್ಲಿ ತೇಲಿಬರುವ ಒಂದು ಕಂಠ. ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಎಂಬ ಹಾಡಿನ ಹೆಸರನ್ನು ಕೇಳದವರೂ ಅದರ ಧಾಟಿಯನ್ನು ಎಲ್ಲಿಯೋ ಕೇಳಿರುತ್ತಾರೆ. ಒಂದು ತಲೆಮಾರು ಅದನ್ನು ಬಾನುಲಿಯಲ್ಲಿ ಕೇಳಿತು, ಮತ್ತೊಂದು ಕ್ಯಾಸೆಟ್ಟಿನಲ್ಲಿ ಕೇಳಿತು. 1994ರಲ್ಲಿ ತೆರೆಕಂಡ ಡಿಸ್ನಿ ಸಂಸ್ಥೆಯ ‘ದಿ ಲಯನ್ ಕಿಂಗ್’ ಚಿತ್ರದಲ್ಲಿ ಟಿಮೋನ್ ಮತ್ತು ಪುಂಬಾ ಅದನ್ನು ಗುನುಗಿದಾಗ ಜಗತ್ತಿನ ಮಕ್ಕಳೆಲ್ಲರಿಗೂ ಅದು ಪರಿಚಿತವಾಯಿತು.

ಈವರೆಗೆ ನೂರಕ್ಕೂ ಹೆಚ್ಚು ಕಲಾವಿದರು ಈ ಹಾಡನ್ನು ಧ್ವನಿಮುದ್ರಿಸಿದ್ದಾರೆ. ಆದರೆ ಈ ಧಾಟಿ ಮೊದಲು ಹೊರಟ ಕಂಠ ಯಾರದು ಎಂಬ ಪ್ರಶ್ನೆಗೆ ಬಹುಕಾಲ ಸರಿಯಾದ ಉತ್ತರ ದೊರೆಯುತ್ತಿರಲಿಲ್ಲ. ಧ್ವನಿಮುದ್ರಿಕೆಯ ತಟ್ಟೆಗಳ ಮೇಲೆ ಅಚ್ಚಾಗುತ್ತಿದ್ದ ಹೆಸರುಗಳು ಬೇರೆಯೇ ಆಗಿದ್ದವು. ನಿಜವಾದ ಕರ್ತೃವಿನ ಹೆಸರು ಸೊಲೊಮನ್ ಲಿಂಡಾ. ದಕ್ಷಿಣ ಆಫ್ರಿಕಾದ ಜುಲು ಜನಾಂಗದ ಈ ಗಾಯಕ ಬಡತನದಲ್ಲಿಯೇ ಕಣ್ಣುಮುಚ್ಚಿದರು. ಪ್ರತಿಯೊಂದು ಮರುಗಾಯನವೂ ಹಾಡನ್ನು ಬೆಳೆಸಿತು, ಕರ್ತೃವನ್ನು ಮಾತ್ರ ಮತ್ತಷ್ಟು ದೂರಕ್ಕೆ ಸರಿಸಿತು. ಇದು ಹೇಗೆ ಸಾಧ್ಯವಾಯಿತು? ಕೊನೆಗೆ ಅದನ್ನು ಸರಿಪಡಿಸಿದ್ದು ಏನು?

ಮೂರನೆಯ ಯತ್ನದ ಮ್ಯಾಜಿಕ್

ಲಿಂಡಾ 1909ರಲ್ಲಿ ನಟಾಲ್ ಪ್ರಾಂತದ ಮ್ಸಿಂಗಾ ಸೀಮೆಯಲ್ಲಿ ಜನಿಸಿದರು. ಬಾಲ್ಯದಲ್ಲಿ ದನ ಕಾಯುತ್ತಿದ್ದ ಅವರು 1930ರ ದಶಕದ ಆರಂಭದಲ್ಲಿ ಸಾವಿರಾರು ಜುಲು ಯುವಕರಂತೆ ಕೂಲಿ ಅರಸಿ ಜೊಹಾನ್ಸ್‌ಬರ್ಗ್ ನಗರಕ್ಕೆ ಬಂದರು. ವಾರವಿಡೀ ದುಡಿದ ಕಾರ್ಮಿಕರು ರಜಾದಿನಗಳಲ್ಲಿ ವಸತಿಗೃಹಗಳ ಸಭಾಂಗಣಗಳಲ್ಲಿ ಹಾಡುಗಾರಿಕೆಯ ಪಂದ್ಯ ನಡೆಸುವುದು ಅಲ್ಲಿನ ರೂಢಿಯಾಗಿತ್ತು. ಲಿಂಡಾ ಅವರ ‘ಈವ್ನಿಂಗ್ ಬರ್ಡ್ಸ್’ ತಂಡ ಈ ಪಂದ್ಯಗಳಲ್ಲಿ ಹೆಸರು ಮಾಡಿತ್ತು. ಪಟ್ಟೆ ಪಟ್ಟೆಯ ಸೂಟು, ಹೊಳೆಯುವ ಬೂಟು ಧರಿಸಿ ಅವರು ವೇದಿಕೆ ಏರುತ್ತಿದ್ದರು. ಮಂದ್ರಸ್ಥಾಯಿಯ ಹಲವು ಕಂಠಗಳು ಒಂದಾಗಿ ನೆಲಗಟ್ಟು ಹಾಕಿದರೆ ಅದರ ಮೇಲೆ ಲಿಂಡಾ ಒಬ್ಬರೇ ಎತ್ತರದ ದನಿಯಲ್ಲಿ ವಿಹರಿಸುತ್ತಿದ್ದರು.

ಎರಿಕ್ ಗ್ಯಾಲೊ ಎಂಬ ಉದ್ಯಮಿ ಜೊಹಾನ್ಸ್‌ಬರ್ಗ್‌ನಲ್ಲಿ ಧ್ವನಿಮುದ್ರಣ ಸಂಸ್ಥೆಯೊಂದನ್ನು ಸ್ಥಾಪಿಸಿದ್ದರು. ಅದರ ಪ್ರತಿಭಾನ್ವೇಷಕರಾಗಿದ್ದ ಗ್ರಿಫಿತ್ಸ್ ಮೊತ್ಸಿಯೆಲೊವಾ ಅವರ ಗಮನಕ್ಕೆ ಈ ತಂಡ ಬಂತು. 1939ರಲ್ಲಿ ತಂಡ ಗ್ಯಾಲೊ ಸ್ಟುಡಿಯೊದಲ್ಲಿ ‘ಇಂಬೂಬೆ’ ಎಂಬ ಹಾಡನ್ನು ಮುದ್ರಿಸಿತು. ಜುಲು ಭಾಷೆಯಲ್ಲಿ ಇಂಬೂಬೆ ಎಂದರೆ ಸಿಂಹ. ದನಗಾಹಿ ಹುಡುಗರು ಸಿಂಹದ ಬೇಟೆಗೆ ಹೋದ ಬಾಲ್ಯದ ನೆನಪೇ ಹಾಡಿನ ಹೂರಣ. ಮೊದಲ ಎರಡು ಯತ್ನಗಳು ಮುಗಿದು ಮೂರನೆಯ ಬಾರಿ ಹಾಡುವಾಗ, ಹಾಡಿನ ಕೊನೆಯ ಭಾಗದಲ್ಲಿ ಲಿಂಡಾ ಯಾವ ಪೂರ್ವಸಿದ್ಧತೆಯೂ ಇಲ್ಲದೆ ಸ್ವರಗಳ ಒಂದು ಹೊಸ ಸರಣಿಯನ್ನು ಹರಿಯಬಿಟ್ಟರು. ಕೆಲವೇ ಸೆಕೆಂಡುಗಳ ಆ ಆಶು ಆಲಾಪವೇ ಮುಂದೆ ಜಗತ್ತು ಗುನುಗಿದ ಧಾಟಿಯಾಯಿತು.

ಆ ತಟ್ಟೆ ಒಂದು ದಶಕದೊಳಗೆ ಸುಮಾರು ಒಂದು ಲಕ್ಷ ಪ್ರತಿ ಮಾರಾಟವಾಯಿತು ಎಂದು ಅಂದಾಜಿಸಲಾಗಿದೆ. ಅಂದಿನ ಆಫ್ರಿಕಾದ ಮಟ್ಟಿಗೆ ಇದು ಅಸಾಧಾರಣ ಯಶಸ್ಸು. ಅದರ ಹಾಡುಗಾರಿಕೆಯ ಶೈಲಿಗೇ ‘ಇಂಬೂಬೆ’ ಎಂಬ ಹೆಸರು ಬಿತ್ತು. ಪಾಲ್ ಸೈಮನ್ ಅವರ ‘ಗ್ರೇಸ್‌ಲ್ಯಾಂಡ್’ (1986) ಮೂಲಕ ವಿಶ್ವಖ್ಯಾತಿ ಪಡೆದ ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೊ ತಂಡ ಇದೇ ಪರಂಪರೆಯ ಕುಡಿ. ಆದರೆ ಇಷ್ಟೆಲ್ಲ ಆದರೂ ಲಿಂಡಾ ಗ್ಯಾಲೊ ಸಂಸ್ಥೆಯಲ್ಲಿಯೇ ತಟ್ಟೆಗಳನ್ನು ಪೆಟ್ಟಿಗೆಗೆ ತುಂಬುವ ಕಾರ್ಮಿಕರಾಗಿ ದುಡಿಯುತ್ತಿದ್ದರು.

ಒಂದು ಹಾಡು, ಎರಡು ಹಕ್ಕು

ಮುಂದಿನ ಕಥೆ ಅರ್ಥವಾಗಬೇಕಾದರೆ ಕಾನೂನಿನ ಒಂದು ಮೂಲ ಸಂಗತಿ ತಿಳಿದಿರಬೇಕು. ಜನಸಾಮಾನ್ಯರಿಗೆ ಹಾಡು ಎಂದರೆ ಒಂದೇ ವಸ್ತು. ಕೃತಿಸ್ವಾಮ್ಯ ಕಾನೂನಿನ ದೃಷ್ಟಿಯಲ್ಲಿ ಅದು ಕನಿಷ್ಠ ಎರಡು. ಮೊದಲನೆಯದು ರಚನೆ, ಅಂದರೆ ಸಾಹಿತ್ಯ ಮತ್ತು ಸ್ವರಸಂಯೋಜನೆ. ಎರಡನೆಯದು ಆ ರಚನೆಯನ್ನು ನಿರ್ದಿಷ್ಟ ಗಾಯಕರು ಹಾಡಿದ ನಿರ್ದಿಷ್ಟ ಧ್ವನಿಮುದ್ರಣ.

ಕವರ್ ವರ್ಷನ್ ಎಂದು ಕರೆಯಲಾಗುವ ಮರುಗಾಯನದಲ್ಲಿ ಹಳೆಯ ಧ್ವನಿಮುದ್ರಣವನ್ನು ಮುಟ್ಟುವುದಿಲ್ಲ. ಹೊಸ ಗಾಯಕರು, ಹೊಸ ವಾದ್ಯಗಾರರು ಸೇರಿ ಅದೇ ರಚನೆಯನ್ನು ಮತ್ತೊಮ್ಮೆ ಮುದ್ರಿಸುತ್ತಾರೆ. ಆದ್ದರಿಂದ ಹಳೆಯ ಗಾಯಕರಿಗೆ ಏನೂ ಕೊಡಬೇಕಾಗಿಲ್ಲವಾದರೂ ರಚನೆಯ ಹಕ್ಕುದಾರರಿಗೆ ರಾಯಧನ ಸಲ್ಲಬೇಕು. ಒಬ್ಬ ಗಾಯಕ ಮರೆಯಾದರೂ ರಚನೆಕಾರ ಪ್ರತಿ ಹೊಸ ಮುದ್ರಣದಿಂದ ಸಂಪಾದಿಸುತ್ತ ಹೋಗಬಹುದು. ನೂರು ಬಾರಿ ಮರುಮುದ್ರಣಗೊಂಡ ಹಾಡಿನ ರಚನೆಕಾರ ಬದುಕಿಡೀ ನಿಶ್ಚಿಂತನಾಗಿರಬೇಕಾಗಿತ್ತು. ಆದರೆ ಲಿಂಡಾ 1952ರಲ್ಲಿ ತಮ್ಮ ರಚನೆಯ ಹಕ್ಕನ್ನು ಗ್ಯಾಲೊ ಸಂಸ್ಥೆಗೆ ಹತ್ತು ಶಿಲ್ಲಿಂಗ್‌ಗಳಿಗೆ ಬರೆದುಕೊಟ್ಟಿದ್ದರು. ಹಾಡು ಅಷ್ಟರಲ್ಲಾಗಲೇ ಸಮುದ್ರ ದಾಟಿತ್ತು.

ತಪ್ಪಾಗಿ ಕೇಳಿದ ಪದ

1940ರ ದಶಕದ ಕೊನೆಯಲ್ಲಿ ಅಮೆರಿಕದ ಜಾನಪದ ಸಂಗೀತ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಅವರ ಕೈಗೆ ಆಫ್ರಿಕಾದ ಕೆಲವು ತಟ್ಟೆಗಳು ಬಂದವು. ಅವರು ಅವುಗಳನ್ನು ಸ್ನೇಹಿತ, ಗಾಯಕ ಪೀಟ್ ಸೀಗರ್ ಅವರಿಗೆ ಕೊಟ್ಟರು. ‘ಇಂಬೂಬೆ’ಗೆ ಮಾರುಹೋದ ಸೀಗರ್ ಅದನ್ನು ಮತ್ತೆ ಮತ್ತೆ ಕೇಳಿ ಸ್ವರಲಿಪಿಗೆ ಇಳಿಸಿದರು. ಮೂಲದ ಪಲ್ಲವಿಯಲ್ಲಿದ್ದ ‘ಉಯಿಂಬೂಬೆ’, ಅಂದರೆ ‘ನೀನು ಸಿಂಹ’, ಎಂಬ ಪದ ಅವರ ಕಿವಿಗೆ ‘ವಿಮೋವೆ’ ಎಂದು ಕೇಳಿಸಿತು. ಯಾವ ಭಾಷೆಯಲ್ಲಿಯೂ ಅರ್ಥವಿಲ್ಲದ ಆ ಪದವೇ ಹಾಡಿನ ಹೊಸ ಹೆಸರಾಯಿತು.

ಸೀಗರ್ ಅವರ ‘ದಿ ವೀವರ್ಸ್’ ತಂಡದ ‘ವಿಮೋವೆ’ 1952ರಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಇಪ್ಪತ್ತರೊಳಗೆ ಸ್ಥಾನ ಪಡೆಯಿತು. ಅದೇ ವರ್ಷ ತಂಡದ ಸದಸ್ಯರು ಕಮ್ಯುನಿಸ್ಟರೆಂಬ ಆರೋಪ ಕೇಳಿಬಂದು, ಬಾನುಲಿ ಮತ್ತು ಸಭಾಂಗಣಗಳ ಬಾಗಿಲು ಅವರಿಗೆ ಮುಚ್ಚಿತು. ಹಾಡು ಮಾತ್ರ ಉಳಿದುಕೊಂಡಿತು. ತಟ್ಟೆಯ ಮೇಲೆ ರಚನೆಕಾರನ ಹೆಸರು ‘ಪಾಲ್ ಕ್ಯಾಂಪ್‌ಬೆಲ್’ ಎಂದಿತ್ತು. ಅಂತಹ ವ್ಯಕ್ತಿಯೇ ಇರಲಿಲ್ಲ! ಜಾನಪದ ಗೀತೆಗಳ ರಾಯಧನ ಪಡೆಯಲು ತಂಡದವರು ಮತ್ತು ಅವರ ಪ್ರಕಾಶಕರು ಬಳಸುತ್ತಿದ್ದ ಕಲ್ಪಿತ ಹೆಸರು ಅದಾಗಿತ್ತು.

ಸೀಗರ್ ಅವರ ಉದ್ದೇಶವನ್ನು ಶಂಕಿಸುವಂತಿಲ್ಲ. ಹಾಡಿನ ಕರ್ತೃ ಬದುಕಿದ್ದಾರೆಂದು ತಿಳಿದಾಗ ಅವರು ಲಿಂಡಾ ಅವರಿಗೆ ಒಂದು ಸಾವಿರ ಡಾಲರ್ ಕಳುಹಿಸಿದರು. ತಮ್ಮ ಪಾಲಿನ ಹಣವೂ ಅವರಿಗೇ ತಲುಪಬೇಕೆಂದು ಪ್ರಕಾಶಕರಿಗೆ ಸೂಚಿಸಿದರು. ಆದರೆ ಅದು ನಿಯಮಿತವಾಗಿ ತಲುಪುತ್ತಿದೆಯೇ ಎಂದು ವಿಚಾರಿಸಲಿಲ್ಲ. ಈ ಅಲಕ್ಷ್ಯಕ್ಕಾಗಿ ಅವರು ವೃದ್ಧಾಪ್ಯದಲ್ಲಿ ಬಹಿರಂಗವಾಗಿಯೇ ವಿಷಾದ ವ್ಯಕ್ತಪಡಿಸಿದರು. ಬರೆಯದೆ ಬಾಯಿಂದ ಬಾಯಿಗೆ ಹರಿದುಬಂದ ಸಂಗೀತವೆಲ್ಲ ಜಾನಪದ, ಜಾನಪದಕ್ಕೆ ಒಡೆಯನಿಲ್ಲ ಎಂಬ ಅಂದಿನ ಭಾವನೆಯೇ ಈ ಪ್ರಮಾದದ ಮೂಲ. ‘ಇಂಬೂಬೆ’ಗೆ ಒಡೆಯನಿದ್ದ. ಆತನ ಹೆಸರು ಮೂಲ ತಟ್ಟೆಯ ಮೇಲೆಯೇ ಅಚ್ಚಾಗಿತ್ತು.

ಎಚ್ಚರದ ಸಿಂಹ ನಿದ್ರಿಸಿದ್ದು

1961ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಪ್ರದೇಶದ ‘ದಿ ಟೋಕನ್ಸ್’ ಎಂಬ ಯುವಕರ ತಂಡ ಈ ಹಾಡನ್ನು ಕೈಗೆತ್ತಿಕೊಂಡಿತು. ವೀವರ್ಸ್ ಹಾಡಿನಲ್ಲಿ ಪಲ್ಲವಿಯ ಹೊರತು ಸಾಹಿತ್ಯ ಹೆಚ್ಚೇನೂ ಇರಲಿಲ್ಲ. ಗೀತರಚನೆಕಾರ ಜಾರ್ಜ್ ಡೇವಿಡ್ ವೈಸ್ ಅವರು ನಿರ್ಮಾಪಕರಾದ ಹ್ಯೂಗೊ ಪೆರೆಟ್ಟಿ ಮತ್ತು ಲುಯಿಜಿ ಕ್ರಿಯೇಟೋರ್ ಜೊತೆಗೂಡಿ ಇಂಗ್ಲಿಷ್ ಸಾಹಿತ್ಯ ಜೋಡಿಸಿದರು. ಲಿಂಡಾ ಹಾಡಿನ ಕೊನೆಯಲ್ಲಿ ಹರಿಯಬಿಟ್ಟಿದ್ದ ಆಲಾಪವನ್ನೇ ಹೊಸ ಸಾಹಿತ್ಯದ ಧಾಟಿಯನ್ನಾಗಿಸಿದರು. ಬೇಟೆಯ ಹಾಡು ಜೋಗುಳದಂತಾಯಿತು.

ತಂಡದ ಸದಸ್ಯರಿಗೇ ಇದರ ಬಗ್ಗೆ ವಿಶ್ವಾಸವಿರಲಿಲ್ಲ. ತಟ್ಟೆಯ ಮುಖ್ಯ ಮಗ್ಗುಲಿನಲ್ಲಿ ‘ಟೀನಾ’ ಎಂಬ ಹಾಡು ಇತ್ತು, ಇದು ಹಿಂಬದಿಯಲ್ಲಿತ್ತು. ಶ್ರೋತೃಗಳು ತಟ್ಟೆಯನ್ನು ತಿರುವಿಹಾಕಿ ಕೇಳಿದರು. 1961ರ ಡಿಸೆಂಬರ್‌ನಲ್ಲಿ ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಅಗ್ರಸ್ಥಾನಕ್ಕೇರಿತು. ಮೂರು ವಾರ ಅಲ್ಲಿಯೇ ನಿಂತಿತು. ಇದು ಮರುಗಾಯನವಷ್ಟೇ ಅಲ್ಲ, ಹೊಸ ಕೃತಿ ಎಂಬ ನೆಲೆಯಲ್ಲಿ ರಚನೆಕಾರರ ಜಾಗದಲ್ಲಿ ವೈಸ್ ಮತ್ತು ಅವರ ಜೊತೆಗಾರರ ಹೆಸರುಗಳು ಬಂದವು.

ತದನಂತರ ಹಾಡು ದೇಶ ದೇಶಗಳನ್ನು ಸುತ್ತಿತು. ದಕ್ಷಿಣ ಆಫ್ರಿಕಾದ ಮಿರಿಯಂ ಮಕೇಬಾ 1960ರಲ್ಲಿಯೇ ಮೂಲ ಹೆಸರಿನಿಂದ ಅದನ್ನು ಹಾಡಿದ್ದರು. 1962ರಲ್ಲಿ ಬ್ರಿಟನ್ನಿನ ಕಾರ್ಲ್ ಡೆನ್ವರ್ ಅವರ ‘ವಿಮೋವೆ’ ಅಲ್ಲಿನ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. ಅದೇ ವರ್ಷ ಆನ್ರಿ ಸಾಲ್ವಡೋರ್ ಫ್ರೆಂಚ್‌ನಲ್ಲಿ ಹಾಡಿದರು. ಫ್ರೆಂಚ್ ಶೀರ್ಷಿಕೆಯಲ್ಲಿ ಸಿಂಹ ನಿದ್ರಿಸುವುದಿಲ್ಲ, ಸಾಯುತ್ತದೆ! 1972ರಲ್ಲಿ ರಾಬರ್ಟ್ ಜಾನ್ ಅವರ ಮುದ್ರಣ ಅಮೆರಿಕದಲ್ಲಿ ಮೂರನೆಯ ಸ್ಥಾನ ಪಡೆಯಿತು. ಅದನ್ನು ನಿರ್ಮಿಸಿದವರು ಟೋಕನ್ಸ್ ತಂಡದವರೇ ಆದ ಹ್ಯಾಂಕ್ ಮೆಡ್ರೆಸ್. 1982ರಲ್ಲಿ ‘ಟೈಟ್ ಫಿಟ್’ ತಂಡ ಬ್ರಿಟನ್ನಿನಲ್ಲಿ ಅಗ್ರಸ್ಥಾನ ಗಳಿಸಿತು. 1990ರ ದಶಕದಲ್ಲಿ ‘ಪೌ ವೌ’ ತಂಡದಿಂದ ಫ್ರಾನ್ಸ್‌ನಲ್ಲಿ ಹಾಡು ಮತ್ತೆ ಮನೆಮಾತಾಯಿತು. ಹೀಗೆ ಪ್ರತಿ ದಶಕದಲ್ಲಿಯೂ ಒಂದು ಹೊಸ ತಲೆಮಾರು ಇದನ್ನು ತನ್ನದೆಂದೇ ಭಾವಿಸಿತು.

ಸೊವೆಟೊದ ಸಗಣಿ ನೆಲದ ಮನೆ

ಟೋಕನ್ಸ್ ಹಾಡು ಅಗ್ರಸ್ಥಾನಕ್ಕೇರಿದ ಮರುವರ್ಷ, 1962ರ ಅಕ್ಟೋಬರ್ 8ರಂದು, ಸೊಲೊಮನ್ ಲಿಂಡಾ ಮೂತ್ರಪಿಂಡದ ವೈಫಲ್ಯದಿಂದ ನಿಧನರಾದರು. ಅವರ ಬ್ಯಾಂಕ್ ಖಾತೆಯಲ್ಲಿ 25 ಡಾಲರ್‌ಗೂ ಕಡಿಮೆ ಹಣವಿತ್ತು. ಸೊವೆಟೊದಲ್ಲಿದ್ದ ಅವರ ಮನೆಯ ನೆಲ ಸಗಣಿ ಸಾರಿಸಿದ ಮಣ್ಣಿನದು. ಪತ್ನಿ ರೆಜಿನಾ ಅವರಿಗೆ ಗಂಡನ ಸಮಾಧಿಗೆ ಒಂದು ಕಲ್ಲು ನೆಡಿಸುವ ಶಕ್ತಿಯೂ ಇರಲಿಲ್ಲ. ಆ ಕಲ್ಲು ನೆಟ್ಟಿದ್ದು ಹದಿನೆಂಟು ವರ್ಷಗಳ ನಂತರ.

ಲಿಂಡಾ ಕುಟುಂಬಕ್ಕೆ ಆಗೊಮ್ಮೆ ಈಗೊಮ್ಮೆ ಅಲ್ಪಸ್ವಲ್ಪ ಹಣ ಬರುತ್ತಿತ್ತಾದರೂ ಅದು ಎಲ್ಲಿಂದ, ಯಾವ ಲೆಕ್ಕದಲ್ಲಿ ಬರುತ್ತಿದೆ ಎಂಬ ಅರಿವು ಅವರಿಗಿರಲಿಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕದ ಎರಡು ಪಕ್ಷಗಳು ಹಾಡಿನ ಒಡೆತನಕ್ಕಾಗಿ ಮಧ್ಯಸ್ಥಗಾರರ ಮುಂದೆ ವಾದಿಸಿದವು. ವೈಸ್ ಪಕ್ಷಕ್ಕೆ ಗೆಲುವಾಯಿತು. ಆ ವ್ಯಾಜ್ಯದಲ್ಲಿ ಲಿಂಡಾ ಕುಟುಂಬ ಕಕ್ಷಿದಾರನೇ ಆಗಿರಲಿಲ್ಲ ಎಂಬುದು ಗಮನಾರ್ಹ. ಇದಾದ ಕೆಲವೇ ವರ್ಷಗಳಲ್ಲಿ ‘ದಿ ಲಯನ್ ಕಿಂಗ್’ ತೆರೆಗೆ ಬಂತು.

2000ದಲ್ಲಿ ದಕ್ಷಿಣ ಆಫ್ರಿಕಾದ ಪತ್ರಕರ್ತ ರಿಯಾನ್ ಮಲಾನ್ ‘ರೋಲಿಂಗ್ ಸ್ಟೋನ್’ ನಿಯತಕಾಲಿಕದಲ್ಲಿ ಈ ಹಣದ ಜಾಡನ್ನು ಎಳೆ ಎಳೆಯಾಗಿ ಬಿಡಿಸಿಟ್ಟರು. ‘ದಿ ಲಯನ್ ಕಿಂಗ್’ ಬಳಕೆಯಿಂದಲೇ ಹಾಡು ಒಂದೂವರೆ ಕೋಟಿ ಡಾಲರ್ ಗಳಿಸಿರಬಹುದು ಎಂಬುದು ಅವರ ಅಂದಾಜು. ನಿರ್ದೇಶಕ ಫ್ರಾಂಸ್ವಾ ವರ್ಸ್ಟರ್ ಅವರ ‘ಎ ಲಯನ್ಸ್ ಟ್ರೇಲ್’ (2002) ಸಾಕ್ಷ್ಯಚಿತ್ರ ಅದೇ ಕಥೆಯನ್ನು ಪರದೆಗೆ ತಂದಿತು.

ನೆರವಿಗೆ ಬಂದ ವಸಾಹತು ಕಾಯ್ದೆ

ಲಿಂಡಾ ಹಕ್ಕು ಮಾರಿದ್ದರು. ಅವರ ಪತ್ನಿ ಮತ್ತು ಪುತ್ರಿಯರಿಂದಲೂ ನಂತರದ ವರ್ಷಗಳಲ್ಲಿ ಹಕ್ಕು ವರ್ಗಾವಣೆಯ ಪತ್ರಗಳಿಗೆ ಸಹಿ ಹಾಕಿಸಿಕೊಳ್ಳಲಾಗಿತ್ತು. ಮೇಲ್ನೋಟಕ್ಕೆ ಕಾನೂನಿನ ಎಲ್ಲ ದಾರಿಗಳೂ ಮುಚ್ಚಿದ್ದವು. ಆಗ ದಕ್ಷಿಣ ಆಫ್ರಿಕಾದ ಕೃತಿಸ್ವಾಮ್ಯ ತಜ್ಞ ಓವೆನ್ ಡೀನ್ ಅವರು 1911ರ ಬ್ರಿಟಿಷ್ ಕೃತಿಸ್ವಾಮ್ಯ ಕಾಯ್ದೆಯ ಒಂದು ಮರೆತ ಉಪಬಂಧವನ್ನು ಹೊರತೆಗೆದರು.

ಕರ್ತೃವು ತನ್ನ ಕೃತಿಯ ಹಕ್ಕನ್ನು ಬದುಕಿದ್ದಾಗಲೇ ಮಾರಿದ್ದರೂ, ಆತ ಮೃತಪಟ್ಟು 25 ವರ್ಷಗಳಾದ ಮೇಲೆ ಆ ಹಕ್ಕು ತಾನಾಗಿಯೇ ಆತನ ಆಸ್ತಿಯ ಪ್ರತಿನಿಧಿಗೆ ಮರಳುತ್ತದೆ ಎಂಬುದು ಅದರ ಸಾರ. ಬಡತನದ ಒತ್ತಡದಲ್ಲಿ ಕೃತಿಗಳನ್ನು ಅಗ್ಗಕ್ಕೆ ಮಾರಿಕೊಂಡ ಲೇಖಕರ ಕುಟುಂಬಗಳು ಬೀದಿಗೆ ಬೀಳಬಾರದು ಎಂಬ ಕಾಳಜಿಯಿಂದ ಈ ಉಪಬಂಧ ರೂಪುಗೊಂಡಿತ್ತು. ಕಾದಂಬರಿಕಾರನ ನೆನಪಿನಲ್ಲಿ ಇದನ್ನು ‘ಡಿಕನ್ಸ್ ಉಪಬಂಧ’ ಎಂದೂ ಕರೆಯುವುದುಂಟು.

ಲಿಂಡಾ ನಿಧನರಾಗಿದ್ದು 1962ರಲ್ಲಿ. ಆದ್ದರಿಂದ 1987ರಲ್ಲಿ, ಬ್ರಿಟಿಷ್ ಸಾಮ್ರಾಜ್ಯಕ್ಕೆ ಸೇರಿದ್ದ ದೇಶಗಳ ಮಟ್ಟಿಗೆ, ಹಕ್ಕು ಮರಳಿ ಬಂದಿತ್ತು. ಅದು ಮರಳಿದ್ದು ಆಸ್ತಿಯ ನಿರ್ವಾಹಕನಿಗೆ. ಹೀಗಾಗಿ ಪತ್ನಿ ಮತ್ತು ಪುತ್ರಿಯರು ಹಾಕಿದ ಸಹಿಗಳಿಂದ ಅದು ಕೈತಪ್ಪಿಲ್ಲ ಎಂಬುದು ಡೀನ್ ಅವರ ವಾದವಾಗಿತ್ತು. 2004ರಲ್ಲಿ ನಿರ್ವಾಹಕರ ಮೂಲಕ ಪ್ರಿಟೋರಿಯಾದ ನ್ಯಾಯಾಲಯದಲ್ಲಿ ಡಿಸ್ನಿ ವಿರುದ್ಧ ದಾವೆ ಹೂಡಲಾಯಿತು. ಅಮೆರಿಕದ ಸಂಸ್ಥೆಯನ್ನು ಸ್ಥಳೀಯ ನ್ಯಾಯಾಲಯದ ವ್ಯಾಪ್ತಿಗೆ ತರುವ ಸಲುವಾಗಿ, ದಕ್ಷಿಣ ಆಫ್ರಿಕಾದಲ್ಲಿ ನೋಂದಣಿಯಾಗಿದ್ದ ಡಿಸ್ನಿಯ ಇನ್ನೂರಕ್ಕೂ ಹೆಚ್ಚು ವಾಣಿಜ್ಯ ಚಿಹ್ನೆಗಳನ್ನು ಜಪ್ತಿ ಮಾಡುವ ಆದೇಶ ಪಡೆಯಲಾಯಿತು.

ವಿಚಾರಣೆ ಆರಂಭವಾಗುವ ಮುನ್ನವೇ, 2006ರ ಫೆಬ್ರುವರಿಯಲ್ಲಿ, ರಾಜಿಯಾಯಿತು. ಹಾಡಿನ ಜಾಗತಿಕ ಹಕ್ಕು ಹೊಂದಿದ್ದ ಅಬಿಲೀನ್ ಮ್ಯೂಸಿಕ್ ಸಂಸ್ಥೆ ಕುಟುಂಬಕ್ಕೆ ಹಿಂದಿನ ಬಾಕಿ ಹಾಗೂ ಮುಂದಿನ ರಾಯಧನ ನೀಡಲು ಒಪ್ಪಿತು. ಮೊತ್ತವನ್ನು ಬಹಿರಂಗಪಡಿಸಲಿಲ್ಲ. ಸೊಲೊಮನ್ ಲಿಂಡಾ ಅವರನ್ನು ಹಾಡಿನ ಸಹ ರಚನೆಕಾರರೆಂದು ಅಧಿಕೃತವಾಗಿ ಅಂಗೀಕರಿಸಲಾಯಿತು. ಧ್ವನಿಮುದ್ರಣವಾಗಿ 67 ವರ್ಷ ಕಳೆದಿತ್ತು.

ಆದರೆ ಈ ಜಯಕ್ಕೂ ಕಾಲಮಿತಿಯಿತ್ತು. ದಕ್ಷಿಣ ಆಫ್ರಿಕಾದ ಕಾನೂನಿನಂತೆ ಕರ್ತೃವಿನ ಮರಣದ 50 ವರ್ಷಗಳ ನಂತರ ಕೃತಿ ಸಾರ್ವಜನಿಕ ಸ್ವತ್ತಾಗುತ್ತದೆ. ಅಂದರೆ ಲಿಂಡಾ ರಚನೆಗೆ ಅಲ್ಲಿ 2012ರ ಅಂತ್ಯದವರೆಗೆ ಮಾತ್ರ ರಕ್ಷಣೆಯಿತ್ತು. ರಾಜಿ ಒಪ್ಪಂದದ ಅವಧಿಯೂ 2017ಕ್ಕೆ ಮುಗಿಯಿತು. 2019ರಲ್ಲಿ ‘ದಿ ಲಯನ್ ಕಿಂಗ್’ ಹೊಸ ರೂಪದಲ್ಲಿ ತೆರೆಕಂಡಾಗ ಅದರಲ್ಲಿಯೂ ಈ ಹಾಡು ಇತ್ತು. ಅದೇ ವರ್ಷ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ದಿ ಲಯನ್ಸ್ ಶೇರ್’ ಸಾಕ್ಷ್ಯಚಿತ್ರ, ರಾಜಿಯಿಂದ ಪುತ್ರಿಯರಿಗೆ ನಿಜಕ್ಕೂ ಎಷ್ಟು ದಕ್ಕಿತು ಎಂಬ ಪ್ರಶ್ನೆಯನ್ನು ಮತ್ತೆ ಎತ್ತಿತು.

ನಮ್ಮಲ್ಲಿ ಹೇಗೆ?

ಈ ಕಥೆ ಭಾರತಕ್ಕೆ ಸಂಬಂಧಿಸದ್ದೇನೂ ಅಲ್ಲ. ಲಿಂಡಾ ಕುಟುಂಬದ ನೆರವಿಗೆ ಬಂದ ಅದೇ 1911ರ ಕಾಯ್ದೆ 1914ರ ಭಾರತೀಯ ಕಾಯ್ದೆಯ ಮೂಲಕ ಇಲ್ಲಿಯೂ ಅನ್ವಯವಾಗುತ್ತಿತ್ತು. 1957ರ ಕೃತಿಸ್ವಾಮ್ಯ ಕಾಯ್ದೆ 1958ರ ಜನವರಿಯಲ್ಲಿ ಜಾರಿಗೆ ಬಂದ ಮೇಲಷ್ಟೇ ಅದು ತೆರೆಮರೆಗೆ ಸರಿಯಿತು.

ಕ್ಯಾಸೆಟ್ ಯುಗವನ್ನು ಕಂಡವರಿಗೆ ಮರುಗಾಯನ ಹೊಸತಲ್ಲ. ಮೂಲ ಮುದ್ರಣವಾಗಿ ಎರಡು ವರ್ಷ ಕಳೆದ ಹಾಡನ್ನು, ನಿಗದಿತ ರಾಯಧನ ಕಟ್ಟಿ, ಬೇರೆ ಗಾಯಕರಿಂದ ಹಾಡಿಸಲು 1957ರ ಕಾಯ್ದೆಯಲ್ಲಿ ಅವಕಾಶವಿತ್ತು. 1980ರ ದಶಕದಲ್ಲಿ ಟಿ-ಸೀರೀಸ್ ಸಂಸ್ಥೆ ಇದನ್ನು ಬಳಸಿಕೊಂಡು ಹಳೆಯ ಚಿತ್ರಗೀತೆಗಳನ್ನು ಹೊಸ ಕಂಠಗಳಲ್ಲಿ ಅಗ್ಗದ ಕ್ಯಾಸೆಟ್ಟುಗಳಾಗಿ ಮಾರುಕಟ್ಟೆಗೆ ಬಿಟ್ಟಿತು. ರಾಯಧನ ಹಾಡಿನ ಹಕ್ಕುದಾರರಿಗೆ ಸಲ್ಲುತ್ತಿತ್ತು. ಆ ಹಕ್ಕುದಾರರು ಸಾಮಾನ್ಯವಾಗಿ ಸಂಸ್ಥೆಗಳೇ ಆಗಿರುತ್ತಿದ್ದರು. ಒಂದು ಬಾರಿಯ ಸಂಭಾವನೆ ಪಡೆದು ಹಕ್ಕು ಬರೆದುಕೊಡುತ್ತಿದ್ದ ಗೀತರಚನೆಕಾರರು, ಸಂಗೀತ ನಿರ್ದೇಶಕರ ಸ್ಥಿತಿ ಹತ್ತು ಶಿಲ್ಲಿಂಗ್ ಪಡೆದ ಲಿಂಡಾ ಅವರಿಗಿಂತ ತತ್ವಶಃ ಭಿನ್ನವಾಗಿರಲಿಲ್ಲ.

2012ರ ತಿದ್ದುಪಡಿ ಈ ಚಿತ್ರವನ್ನು ಬದಲಿಸಿತು. ಅದರ 31ಸಿ ಕಲಮಿನಂತೆ ಮರುಗಾಯನಕ್ಕೆ ಈಗ ಮೂಲ ಮುದ್ರಣದ ವರ್ಷ ಮುಗಿದ ನಂತರ ಐದು ವರ್ಷ ಕಾಯಬೇಕು. ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನವನ್ನು ಮುಂಗಡ ಕಟ್ಟಬೇಕು. ಹೊದಿಕೆಯ ಮೇಲೆ ಇದು ಕವರ್ ವರ್ಷನ್ ಎಂದು ನಮೂದಿಸಬೇಕು. ಹಕ್ಕುದಾರರ ಒಪ್ಪಿಗೆಯಿಲ್ಲದೆ ಸಾಹಿತ್ಯ ಅಥವಾ ಸ್ವರಸಂಯೋಜನೆಯನ್ನು ಮನಬಂದಂತೆ ಬದಲಿಸುವಂತಿಲ್ಲ.

ಅದಕ್ಕಿಂತ ಮುಖ್ಯವಾದ ಬದಲಾವಣೆ 18ನೆಯ ಕಲಮಿನಲ್ಲಿದೆ. ಸಾಹಿತಿ ಮತ್ತು ಸಂಯೋಜಕರು ಹಾಡಿನ ಒಡೆತನವನ್ನು ಮಾರಬಹುದು. ಆದರೆ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು ತಮ್ಮ ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಹೊರತು ಬೇರೆ ಯಾರಿಗೂ ಬಿಟ್ಟುಕೊಡುವಂತಿಲ್ಲ. ಹಾಗೆ ಬರೆದುಕೊಟ್ಟರೂ ಆ ಕರಾರು ಅಸಿಂಧು. ಚಿತ್ರಮಂದಿರಗಳಲ್ಲಿ ಚಿತ್ರದ ಭಾಗವಾಗಿ ಹಾಡಿನ ಪ್ರದರ್ಶನಕ್ಕೆ ಮಾತ್ರ ಇದರಿಂದ ವಿನಾಯಿತಿಯಿದೆ.

ಕಾನೂನು ಇಷ್ಟು ಮಾಡಬಲ್ಲದು. ಹಾಡಿನ ಕರ್ತೃ ಯಾರೆಂಬ ದಾಖಲೆ ಇದ್ದಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಲಿಂಡಾ ಕುಟುಂಬ ದಾವೆ ಹೂಡಲು ಸಾಧ್ಯವಾಗಿದ್ದು 1939ರ ಧ್ವನಿಮುದ್ರಣ ಉಳಿದಿದ್ದರಿಂದ, ಅದರ ಮೇಲೆ ಅವರ ಹೆಸರು ಇದ್ದುದರಿಂದ. ಆ ಮುದ್ರಣ ಇಂದಿಗೂ ಕೇಳಲು ಲಭ್ಯವಿದೆ. ತಾಳ್ಮೆಯಿಂದ ಕೊನೆಯವರೆಗೆ ಕೇಳಿದರೆ, ಮಂದ್ರ ಕಂಠಗಳ ನೆಲಗಟ್ಟಿನ ಮೇಲೆ ಇದ್ದಕ್ಕಿದ್ದಂತೆ ಪರಿಚಿತ ಧಾಟಿಯೊಂದು ಮೇಲೇಳುತ್ತದೆ. ಅದು ಟೋಕನ್ಸ್ ತಂಡದ್ದಲ್ಲ, ಟಿಮೋನ್ ಮತ್ತು ಪುಂಬಾ ಅವರದ್ದೂ ಅಲ್ಲ, ಸೊಲೊಮನ್ ಲಿಂಡಾ ಅವರದು.